ಅಪ್ಪ ಕೂತಿದ್ದ ಜಾಗ: ಕೋಲಾರದ ಫೋಟೋ ಕೆಲಸ ಎಲ್ಲಿಗೆ ಬಂತು

ನಾನು ಚಿಕ್ಕವನಿದ್ದಾಗ ಅಪ್ಪ ಕೋಲಾರದಲ್ಲಿ ನನ್ನ ಫೋಟೋ ತೆಗೆದ ಜಾಗಗಳಲ್ಲೇ ಈಗ ನನ್ನ ಮಗಳ ಫೋಟೋ ತೆಗೆಯುವುದು ಈ ಕೆಲಸ. ಮೊದಲ ಹಂತವಾಗಿ ಅಪ್ಪನ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ಮುಗಿಸಿದೆ. ಎಲ್‌ಇಡಿ ಪ್ಯಾನೆಲ್ ಮೇಲೆ ಇಟ್ಟು, ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಹಾಕಿ ಒಂದೊಂದೇ ಫ್ರೇಮ್ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಿದ್ದು. ಕಲರ್ ನೆಗೆಟಿವ್‌ನ ಕಿತ್ತಳೆ ಛಾಯೆಯನ್ನು ಮೊದಲು ಕಳೆಯಬೇಕು, ಇಲ್ಲದಿದ್ದರೆ ಎಲ್ಲರ ಮುಖವೂ ನೀಲಿ. ಆಲ್ಬಮ್ಮಿನ ಪ್ರಿಂಟುಗಳೆಲ್ಲ ಕೆಂಪಗಾಗಿವೆ. ಪ್ರಿಂಟಿನ ಬಣ್ಣಗಳು ಒಂದೇ ವೇಗದಲ್ಲಿ ಮಾಸುವುದಿಲ್ಲ. ಸಯಾನ್, ಅಂದರೆ ಹಸಿರು ಬೆರೆತ ನೀಲಿ, ಮೊದಲು ಹೋದರೆ ಉಳಿಯುವುದು ಕೆಂಪು. ಸ್ಟುಡಿಯೋದ ಕವರಿನಲ್ಲೇ ಉಳಿದಿದ್ದ ನೆಗೆಟಿವ್‌ನಲ್ಲಿ ಮಾತ್ರ ಅಮ್ಮನ ಸೀರೆಯ ಗಿಳಿಹಸಿರು ಹಾಗೇ ಇದೆ.

ಆಲ್ಬಮ್ಮಿನಲ್ಲಿ ಇಲ್ಲದ್ದು ನೆಗೆಟಿವ್‌ನಲ್ಲಿದೆ: ಮೊದಲು ಏನಾಯಿತು, ಆಮೇಲೆ ಏನಾಯಿತು ಅನ್ನುವುದು. ಅಂಚಿನಲ್ಲಿ ಫ್ರೇಮ್ ಸಂಖ್ಯೆ ಅಚ್ಚಾಗಿರುತ್ತದೆ. ನಾನು ನಗುತ್ತಿರುವ ಒಂದು ಪ್ರಿಂಟ್ ಇದೆ. ಅದರ ಹಿಂದಿನ ಫ್ರೇಮುಗಳಲ್ಲಿ ಅಳುತ್ತಿದ್ದೇನೆ, ಮುಖ ತಿರುಗಿಸಿದ್ದೇನೆ. ರೋಲಿಗೆ 36 ಫೋಟೋ ಅಷ್ಟೇ ಇದ್ದ ಕಾಲದಲ್ಲಿ ಅಪ್ಪ ನನಗಾಗಿ ಅಷ್ಟು ಕಾದಿದ್ದಾರೆ. ಅಮ್ಮ ಕಣ್ಣು ಮುಚ್ಚಿಕೊಂಡಿರುವ ಒಂದು ಫ್ರೇಮನ್ನು ಪ್ರಿಂಟ್ ಹಾಕಿಸಿಯೇ ಇರಲಿಲ್ಲ. ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಎರಡನೆಯ ಹಂತ, ಅವೇ ಜಾಗಗಳಲ್ಲಿ ಮಗಳ ಫೋಟೋ. ಅಪ್ಪನದು ಯಾಶಿಕಾ ಎಂಎಫ್-2 ಕ್ಯಾಮೆರಾ, ಲೆನ್ಸ್ 38 ಎಂಎಂ. ಝೂಮ್ ಅಷ್ಟಕ್ಕೇ ಇಟ್ಟರೆ ಸಾಲದು, ಅವರಿದ್ದ ಜಾಗ ಸಿಗಬೇಕು. ಸೋಮೇಶ್ವರ ದೇವಸ್ಥಾನದಲ್ಲಿ ಮಂಟಪದ ಕಂಬ ಹತ್ತಿರ, ಗೋಪುರ ದೂರ. ನಾನು ಎಡಕ್ಕೆ ಸರಿದರೆ ಕಂಬ ಗೋಪುರದ ಮುಂದೆ ಬಲಕ್ಕೆ ಸರಿಯುತ್ತದೆ. ಫೋನಿನಲ್ಲಿ ಹಳೆಯ ಚಿತ್ರ ಹಿಡಿದು, ಎರಡೂ ಹಾಗೇ ಕೂಡುವವರೆಗೆ ಅಂಗುಲ ಅಂಗುಲ ಸರಿಯಬೇಕು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಡೆ ಟ್ರೈಪಾಡಿಗೆ ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ತೆಗೆದೆ.

ಅಪ್ಪ ಕ್ಯಾಮೆರಾ ಹಿಡಿದಿದ್ದ ಎತ್ತರ ಸಿಕ್ಕಿದ್ದು ನರಸಾಪುರ ಕೆರೆಯ ಫೋಟೋದಿಂದ. ಸಮತಟ್ಟಾದ ನೆಲದಲ್ಲಿ ದಿಗಂತದ ಗೆರೆ ಕ್ಯಾಮೆರಾ ಇದ್ದ ಎತ್ತರಕ್ಕೇ ಎಲ್ಲವನ್ನೂ ಕತ್ತರಿಸುತ್ತದೆ. ಒಣಗಿದ ಕೆರೆಯಂಗಳದಲ್ಲಿ ನಿಂತಿರುವ ನನಗೆ ಆ ಗೆರೆ ಹಣೆಯ ಹತ್ತಿರ ಹಾದುಹೋಗಿದೆ. ಅಂದರೆ ಲೆನ್ಸ್ ನೆಲದಿಂದ ಮೂರಡಿ ಮೇಲಿತ್ತು ಅಷ್ಟೇ. ಅಮ್ಮನನ್ನು ಕೇಳಿದೆ. "ಯಾವಾಗ್ಲೂ ಕುಕ್ಕುರುಗಾಲಲ್ಲಿ ಕೂತೇ ತೆಗೀತಿದ್ರು ಕಣೋ. ನಿಂತು ತೆಗೆದ್ರೆ ಮಗು ಗಿಡ್ಡ ಕಾಣ್ತದೆ ಅಂತಿದ್ರು" ಅಂದಳು. ಅಪ್ಪ ಒಂದು ಫೋಟೋದಲ್ಲೂ ಇಲ್ಲ ಅಂದುಕೊಂಡಿದ್ದೆ. ಪ್ರತಿಯೊಂದರಲ್ಲೂ ಅವರು ಕೂತ ಎತ್ತರ ಇದೆ. ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ವಿಷಯ ಇದೇ.

ಆ ಕೆರೆಯಂಗಳಕ್ಕೆ ಮಾತ್ರ ಈಗ ಇಳಿಯಲಾಗುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಪ್ಪ ಕೂತಿದ್ದ ಜಾಗದ ಮೇಲೆ ನೀರು ನಿಂತಿದೆ. ಆ ನೀರಿನ ಗುಣಮಟ್ಟದ ಬಗ್ಗೆ ಊರಿನವರ ಆತಂಕ ನನಗೂ ಇದೆ. ಆದರೂ ಕೆರೆ ಅಂದರೆ ಬಿರುಕು ಬಿಟ್ಟ ಮಣ್ಣು ಅಂತಲೇ ಬೆಳೆದವನು ನಾನು. ಮಗಳಿಗೆ ಕೆರೆ ಅಂದರೆ ನೀರು. ಇದನ್ನು ಹೊಂದಿಸಿ ತೆಗೆಯುವ ಆಸೆ ಬಿಟ್ಟು, ಏರಿಯ ಮೇಲಿಂದ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇನೆ. ಹೊಂದಿದವುಗಳಿಗಿಂತ ಈ ಜೋಡಿಯೇ ಹೆಚ್ಚು ಹೇಳುತ್ತದೆ ಅನಿಸುತ್ತದೆ.

ಮಗಳಿಗೆ ಹೀಗೆ ನಿಲ್ಲು, ಹಾಗೆ ನಗು ಅಂತ ಹೇಳುವುದಿಲ್ಲ. ಅವಳು ನನ್ನ ಬಾಲ್ಯದ ನಕಲು ಆಗಬೇಕಿಲ್ಲ. ಸೋಮೇಶ್ವರದಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಚಪ್ಪಲಿ ಬಿಚ್ಚಿದ ಕಾಲನ್ನೇ ನೋಡುತ್ತಿದ್ದಳು, ಅದನ್ನೇ ಇಟ್ಟುಕೊಂಡೆ. ಪ್ರಿಂಟಿನ ಹಿಂದೆ ಯಾರು, ಎಲ್ಲಿ, ಯಾವತ್ತು ಅಂತ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ತೆಗೆದವರು ಯಾರು ಅಂತಲೂ.

ಉಳಿದಿರುವುದು ಅಂತರಗಂಗೆ. ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೆ ನಾನು ಕೈಯೊಡ್ಡಿರುವ ಫ್ರೇಮ್ ಅದು. ಕಾರ್ತಿಕ ಸೋಮವಾರ ಅಂತ ಅಮ್ಮನಿಗೆ ನೆನಪಿದೆ, ಉದ್ದದ ನೆರಳೂ ಚಳಿಗಾಲದ ಬೆಳಗನ್ನೇ ಹೇಳುತ್ತದೆ. ಹಾಗಾಗಿ ಕಾರ್ತಿಕದವರೆಗೆ ಕಾಯುತ್ತೇನೆ. ಆಗ ಮಗಳಿಗೂ ಏಳು ತುಂಬಿರುತ್ತದೆ, ಆ ಫೋಟೋದಲ್ಲಿ ನನಗಿದ್ದಷ್ಟೇ.