ಮಧೂರಿನ ಬಾವಿಯ ಹತ್ತಿರ ಟಿಪ್ಪು

ಬೇಕಲ ಕೋಟೆ ಟಿಪ್ಪು ಕಟ್ಟಿಸಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಸಾಗರದ ಕಡೆಯವನು. ಕೆಳದಿಯ ಶಿವಪ್ಪ ನಾಯಕನ ಕೋಟೆಗೆ ಬೇರೆಯವರ ಹೆಸರು ಹಚ್ಚಿದರೆ ನಮ್ಮೂರಿನವರಿಗೆ ಸುಮ್ಮನಿರಲು ಆಗುವುದಿಲ್ಲ. ಕಾಸರಗೋಡಿನಲ್ಲಿ ಹತ್ತಿದ ಆಟೋದವನು ದಾರಿಯುದ್ದಕ್ಕೂ ‘ಟಿಪ್ಪು ಕೋಟೆ’ ಅನ್ನುತ್ತಲೇ ಇದ್ದ. ಚಂದ್ರಗಿರಿ ಹೊಳೆ ದಾಟುವಾಗ ತಿದ್ದಲು ನೋಡಿದೆ. ಕೇಳಿಸಿಕೊಳ್ಳಲಿಲ್ಲ.

ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಕಾರಣ ಇತಿಹಾಸವಲ್ಲ. ಕೋಟೆಯ ಬಾಗಿಲು ಇದೇ ಅಂತ ಹೇಳಿ ಪಳ್ಳಿಕ್ಕರೆಯ ಬೀಚ್ ಪಾರ್ಕಿನ ಹತ್ತಿರ ಇಳಿಸಿ, ದುಡ್ಡು ತೆಗೆದುಕೊಂಡು ಹೋಗಿಯೇಬಿಟ್ಟ. ಕೋಟೆ ಕಣ್ಣಿಗೆ ಕಾಣುತ್ತದೆ, ಆದರೆ ಬಾಗಿಲು ಬೇರೆ ಕಡೆ. ಮಟಮಟ ಮಧ್ಯಾಹ್ನ ರಸ್ತೆಗೆ ವಾಪಸು ನಡೆದು, ಸುತ್ತಿ ಬರಬೇಕಾಯಿತು. ನೀವು ಹೋಗುವುದಾದರೆ ‘ಮುಖ್ಯಪ್ರಾಣ ಗುಡಿಯ ಹತ್ತಿರ ಬಿಡಿ’ ಅನ್ನಿ. ಕೋಟೆಯ ಬಾಗಿಲು ಅಲ್ಲೇ ಇದೆ. ಕೊಡೆ, ನೀರು ಇಟ್ಟುಕೊಳ್ಳಿ. ಒಳಗೆ ನೆರಳು ಅನ್ನುವುದು ಹುಡುಕಿದರೂ ಕಷ್ಟ.

ಕೋಟೆ ಚೆನ್ನಾಗಿದೆ. ಮುರಕಲ್ಲಿನ ಗೋಡೆ, ಮೂರು ಕಡೆ ಸಮುದ್ರ, ನಡುವೆ ಇಳಿಜಾರು ದಾರಿ ಹತ್ತಿಹೋಗುವ ಕಾವಲು ಗೋಪುರ. ಅದರ ಮೇಲೆ ನಿಂತರೆ ಕರಾವಳಿ ಉದ್ದಕ್ಕೂ ಕಾಣುತ್ತದೆ. ಹುಲ್ಲುಹಾಸು, ಕತ್ತರಿಸಿ ನಿಲ್ಲಿಸಿದ ಗಿಡಗಳು ಮಾತ್ರ ನನಗೆ ಹಿಡಿಸಲಿಲ್ಲ. ಕೋಟೆಗೆ ಬಂದವರಿಗೆ ಪಾರ್ಕ್ ಯಾಕೆ? ಬಂದವರಲ್ಲಿ ಮುಕ್ಕಾಲು ಪಾಲು ಜನ ಯಾವುದೋ ಸಿನಿಮಾ ಹಾಡು ಚಿತ್ರೀಕರಿಸಿದ ಜಾಗ ಹುಡುಕುತ್ತಿದ್ದರು. ಮೆಟ್ಟಿಲುಗಳ ಕೆರೆ ಮತ್ತು ಮದ್ದಿನ ಮನೆ ನೋಡಲು ನಮ್ಮನ್ನು ಬಿಟ್ಟರೆ ಯಾರೂ ಬರಲಿಲ್ಲ.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಕೆಳದಿಯ ರಾಜ್ಯದ ಜೊತೆಗೆ ಈ ಕರಾವಳಿಯೂ ಮೈಸೂರಿನ ಕೈಗೆ ಬಂತು. ಮಗ ಟಿಪ್ಪು ಬೇಕಲವನ್ನು ಮಲಬಾರಿನ ಕಡೆಯ ದಂಡಿನ ನೆಲೆ ಮಾಡಿಕೊಂಡ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಗೋಪುರದ ಮೇಲೆ ನಿಂತು ದಕ್ಷಿಣಕ್ಕೆ ನೋಡಿದಾಗ ಇನ್ನೊಂದು ವಿಷಯ ತಲೆಗೆ ಹೊಳೆಯಿತು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ, ಅದು ತೀರುವ ತನಕ ಇಬ್ಬರು ಚಿಕ್ಕ ಮಕ್ಕಳು ಇಂಗ್ಲಿಷರ ಬಳಿ ಒತ್ತೆ. ಮಲಬಾರು ಕಂಪನಿಗೆ ಹೋಯಿತು, ಬೇಕಲ ಸೇರಿದ ಕೆನರಾ ಅವನ ಬಳಿಯೇ ಉಳಿಯಿತು. ಅಂದರೆ ಸಾಯುವ ತನಕದ ಆ ಏಳು ವರ್ಷ ಬೇಕಲ ಗಡಿನಾಡಿನ ಕೋಟೆ. ಸ್ವಲ್ಪ ದಕ್ಷಿಣಕ್ಕೆ ಹೋದರೆ ಕಂಪನಿಯ ನೆಲ, ಎದುರಿಗೆ ಕಂಪನಿಯ ಹಡಗು ಓಡಾಡುವ ಕಡಲು. 1796ರ ಹೊತ್ತಿಗೆ ಅವನು ದೊಡ್ಡ ನೌಕಾಪಡೆ ಕಟ್ಟುವ ಯೋಜನೆ ಹಾಕಿದ್ದ, ಹಡಗು ಕಟ್ಟಲು ಗೊತ್ತುಮಾಡಿದ ಜಾಗಗಳಲ್ಲಿ ಮಂಗಳೂರೂ ಒಂದು. ಕಡಲಿನ ಮೇಲೆ ಹಿಡಿತ ಇಲ್ಲದಿದ್ದರೆ ಕಂಪನಿಯನ್ನು ಓಡಿಸಲು ಆಗುವುದಿಲ್ಲ ಅಂತ ಅವನಿಗೆ ಅರ್ಥವಾಗಿತ್ತು. ತಡವಾಗಿತ್ತು, ಅಷ್ಟೇ.

ಮಂಜೇಶ್ವರ, ಅನಂತಪುರ, ರಾಣಿಪುರ ಎಲ್ಲ ನೋಡಿದೆವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬರೆಯಬೇಕು ಅನ್ನಿಸಿದ್ದು ಮಧೂರಿನ ಬಗ್ಗೆ.

ಮಧೂರು ಕಾಸರಗೋಡು ಪೇಟೆಯಿಂದ ಎಂಟು ಕಿಲೋಮೀಟರು. ದೇವಸ್ಥಾನ ಮದನಂತೇಶ್ವರನದು, ಹೆಸರು ಮಾಡಿದ್ದು ಗಣಪತಿ. ಆನೆಯ ಬೆನ್ನಿನ ಆಕಾರದ ಮೂರು ಅಂತಸ್ತಿನ ಮಾಡು. ಪಕ್ಕದಲ್ಲೇ ಮಧುವಾಹಿನಿ ಹೊಳೆ, ಮಳೆಗಾಲದಲ್ಲಿ ಅದು ದೇವಸ್ಥಾನದ ಅಂಗಳಕ್ಕೇ ಬಂದುಬಿಡುತ್ತದೆ. ಬೇಕಲದ ಬಿಸಿಲಿನಿಂದ ಬಂದವರಿಗೆ ಇಲ್ಲಿ ಕಾಲಿಟ್ಟರೆ ಜೀವ ಬಂದ ಹಾಗಾಗುತ್ತದೆ.

ನನ್ನ ಜೊತೆಗಿದ್ದ ಗೆಳೆಯ ಬದಿಯಡ್ಕದವನು. ಅವನ ಸೋದರಮಾವ ಕನ್ನಡ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು, ಮಧೂರಿನ ಹತ್ತಿರವೇ ಮನೆ. ‘ಮಾವ, ಇವನಿಗೆ ಟಿಪ್ಪುವಿನ ಗುರುತು ತೋರಿಸಿ’ ಅಂತ ಗೆಳೆಯ ನನ್ನನ್ನು ಅವರಿಗೆ ಒಪ್ಪಿಸಿ, ತಾನು ಅಪ್ಪ ಪ್ರಸಾದದ ಸಾಲಿನಲ್ಲಿ ನಿಂತ.

ಬಾವಿಯ ಸುತ್ತ ಕಟ್ಟಿದ ಕಟ್ಟಡದಲ್ಲಿ ಒಂದು ಗುರುತು ಇದೆ. ಕತ್ತಿ ಬೀಸಿದ ಗುರುತಂತೆ. ನಾನು ಏನೋ ದೊಡ್ಡದು ಇರುತ್ತದೆ ಅಂದುಕೊಂಡಿದ್ದೆ. ಮಾಷ್ಟ್ರು ನನ್ನ ಮುಖ ನೋಡಿ ನಕ್ಕರು.

‘ಇಷ್ಟೇ ಇರುದು ಮಾರಾಯ್ರೇ. ಎಲ್ಲರೂ ಹೀಗೇ ಪೆಚ್ಚಾಗ್ತಾರೆ.’

ಕತೆ ಹೀಗೆ. ಕುಂಬಳೆ ಸೀಮೆಗೆ ನಾಲ್ಕು ದೊಡ್ಡ ದೇವಸ್ಥಾನಗಳು: ಅಡೂರು, ಮಧೂರು, ಕಾವು, ಕಣಿಯಾರ. ಟಿಪ್ಪುವಿನ ದಂಡು ಅಡೂರಿಗೆ ಕೈ ಹಾಕಿ, ಮಧೂರನ್ನೂ ಕೆಡವಲು ಬಂತು. ಟಿಪ್ಪುವಿಗೆ ಬಾಯಾರಿಕೆ. ಈ ಬಾವಿಯ ನೀರು ಕುಡಿದ. ಕುಡಿದ ಮೇಲೆ ಮನಸ್ಸು ತಣ್ಣಗಾಯಿತು, ಕೆಡವುವುದು ಬೇಡ ಅನ್ನಿಸಿತು. ಆದರೆ ಜೊತೆಗೆ ಬಂದವರಿಗೆ ಏನು ಹೇಳುವುದು? ಅದಕ್ಕೆ ಕತ್ತಿ ಎತ್ತಿ ಒಂದೇ ಒಂದು ಏಟು ಹೊಡೆದು, ‘ಆಯಿತು, ನಡೆಯಿರಿ’ ಅಂದುಬಿಟ್ಟ.

‘ಇದು ನಿಜವಾ ಮಾಷ್ಟ್ರೇ?’ ಅಂದೆ.

ಅವರು ತಕ್ಷಣ ಉತ್ತರ ಕೊಡಲಿಲ್ಲ. ಹೊರಗೆ ಕರೆದುಕೊಂಡು ಬಂದು ಜಗಲಿಯಲ್ಲಿ ಕೂರಿಸಿದರು.

‘ದಾಖಲೆ ಕೇಳಿದ್ರೆ ನನ್ನ ಹತ್ರ ಇಲ್ಲ. ಆದ್ರೆ ಒಂದು ಯೋಚನೆ ಮಾಡಿ. ಈ ಕತೆ ಯಾರು ಕಟ್ಟಿರ್ಬಹುದು? ಟಿಪ್ಪುವಿನ ಕಡೆಯವರು ಕಟ್ಟಿದ್ರೆ ಅವ ಗಣಪತಿಗೆ ಉಂಬಳಿ ಬರ್ಕೊಟ್ಟು ಹೋಗ್ತಿದ್ದ. ಅವನನ್ನು ಕಂಡ್ರೆ ಆಗದವರು ಕಟ್ಟಿದ್ರೆ ಅವ ಇಲ್ಲೇ ರಕ್ತ ಕಾರ್ತಿದ್ದ, ಇಲ್ಲಾಂದ್ರೆ ಕಣ್ಣು ಹೋಗ್ತಿತ್ತು. ಇದರಲ್ಲಿ ಎರಡೂ ಇಲ್ಲ. ಅವ ಕೆಡವ್ಲಿಕ್ಕೇ ಬಂದವ, ಅದನ್ನು ಮುಚ್ಚಿಡುದಿಲ್ಲ. ಕೆಡವದೆ ಹೋದ, ಅದನ್ನೂ ಮುಚ್ಚಿಡುದಿಲ್ಲ. ಇಂಥಾ ಕತೆಯನ್ನು ಜಗಳ ಮಾಡುವವರು ಕಟ್ಟುದಿಲ್ಲ. ನಾಳೆಯೂ ಇಲ್ಲೇ ಇರ್ಬೇಕಾದವರು ಕಟ್ಟುದು.’

ನಾನು ಎಷ್ಟೋ ಸ್ಥಳಪುರಾಣ ಕೇಳಿದ್ದೇನೆ. ಒಂದು ಕತೆಯನ್ನು ಹೀಗೆ ಹಿಂದೆ ಮುಂದೆ ತಿರುಗಿಸಿ, ಯಾರ ಕೈಯ ಕೆಲಸ ಇದು ಅಂತ ನೋಡಿದವರನ್ನು ಕಂಡಿರಲಿಲ್ಲ.

ಶೃಂಗೇರಿಯ ಮಾತು ತೆಗೆದೆ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ನೆರವು ಕೊಟ್ಟವನು ಟಿಪ್ಪು. ಅವನು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು 1916ರಲ್ಲಿ ಮಠದಲ್ಲೇ ಸಿಕ್ಕಿದವು. ಕೊಲ್ಲೂರಿನ ಸಲಾಂ ಮಂಗಳಾರತಿ ಅವನ ನೆನಪಿನದು ಅಂತ ನಮ್ಮ ಕಡೆ ಈಗಲೂ ಹೇಳುತ್ತಾರೆ.

‘ಹೇಳಿ, ಹೇಳಿ. ಅದೂ ಹೌದು,’ ಅಂದರು. ‘ಆದ್ರೆ 1784ರಲ್ಲಿ ಮಂಗಳೂರಿನ ಕ್ರಿಸ್ತುವರನ್ನು ಹೆಂಡತಿ ಮಕ್ಕಳ ಸಮೇತ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ್ದನ್ನೂ ಹೇಳ್ಬೇಕು. ಇಂಗ್ಲಿಷರಿಗೆ ಸಹಾಯ ಮಾಡಿದ್ರು ಅಂತ ಅವನಿಗೆ ಸಂಶಯ. ಸಂಶಯಕ್ಕೆ ಇಡೀ ಊರಿಗೇ ಶಿಕ್ಷೆಯಾ? ದಾರಿಯಲ್ಲೇ ಎಷ್ಟೋ ಜನ ಸತ್ರು. ಕೊಡಗಿನವರ ಹತ್ರ ಹೋಗಿ ಟಿಪ್ಪುವಿನ ಹೆಸರು ಎತ್ತಿ ನೋಡುವ, ಅವರು ಇಂದಿಗೂ ಮರೆತಿಲ್ಲ.’

ಅದೇ 1784ರ ಮಾರ್ಚಿನಲ್ಲಿ, ಅದೇ ಮಂಗಳೂರಿನಲ್ಲಿ, ಕಂಪನಿಯ ಪ್ರತಿನಿಧಿಗಳು ಮದ್ರಾಸಿನಿಂದ ಅಷ್ಟು ದೂರ ಅವನಿದ್ದಲ್ಲಿಗೇ ಬಂದು ಸಂಧಿಗೆ ಸಹಿ ಹಾಕಿದರು. ಆಮೇಲೆ ನಿಜಾಮ ಅವರ ಪಕ್ಷ ಸೇರಿದ, ಮರಾಠರು ಸೇರಿದರು. ಇವನು ಸೇರಲಿಲ್ಲ. ನಾನು ಇದನ್ನು ಹೇಳಿದಾಗ ಮಾಷ್ಟ್ರು ವಾದ ಮಾಡಲಿಲ್ಲ.

‘ಅದನ್ನು ಅವನಿಂದ ಯಾರೂ ಕಿತ್ಕೊಳ್ಲಿಕ್ಕೆ ಆಗುದಿಲ್ಲ. ಮಕ್ಕಳನ್ನು ಒತ್ತೆ ಇಟ್ಟ, ಬಿಡಿಸಿಕೊಂಡ, ಮತ್ತೆ ನಿಂತ. 1799 ಮೇ 4ಕ್ಕೆ ಕೋಟೆ ಬಾಗಿಲಲ್ಲೇ ಸತ್ತ. ಪೆನ್ಶನ್ ತಕ್ಕೊಂಡು ಬದುಕ್ಬಹುದಿತ್ತು, ಎಷ್ಟು ರಾಜರು ಬದುಕ್ಲಿಲ್ಲ? ಪಾಠ ಮಾಡುವಾಗ ನನಗೆ ಅಲ್ಲಿ ಗಂಟಲು ಕಟ್ತಿತ್ತು, ಸುಳ್ಳಲ್ಲ. ಮರುದಿನ ಮಂಗಳೂರಿನ ಪಾಠ ಮಾಡುವಾಗಲೂ ಕಟ್ತಿತ್ತು.’

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ನೀವು ಸಾಗರದವರಲ್ವಾ? ಬೇಕಲಕ್ಕೆ ಹೋಗಿ ಶಿವಪ್ಪ ನಾಯಕನ ಕೋಟೆ ಅಂತ ಜಂಬ ಮಾಡಿರ್ತೀರಿ.’

‘ಮತ್ತೆ? ಅವನದೇ ತಾನೆ?’

‘ಅವನದೇ. ಆದ್ರೆ ಅವ ಇಲ್ಲಿಗೆ ನೆಂಟರ ಮನೆಗೆ ಬಂದ ಹಾಗೆ ಬಂದದ್ದಾ? ಚಂದ್ರಗಿರಿಯಲ್ಲಿ ಕೋಟೆ, ಬೇಕಲದಲ್ಲಿ ಕೋಟೆ, ಯಾರನ್ನು ಹೆದರಿಸ್ಲಿಕ್ಕೆ? ನಮ್ಮನ್ನೇ. ಶಿವಪ್ಪ ನಾಯಕನ ಶಿಸ್ತು ಅಂತ ನೀವು ಹೊಗಳುದು, ಶಿಸ್ತು ಅಂದ್ರೆ ಇಲ್ಲಿಯವರಿಗೆ ಕಂದಾಯ. ಹೈದರ್ ಬಂದು ಅದರ ಮೇಲೆ ಇನ್ನಷ್ಟು ಹಾಕಿದ. ನಮಗೆ ಎಲ್ಲರೂ ಘಟ್ಟ ಇಳಿದು ಬಂದವರೇ.’

ಸಾಗರದಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ದೊಡ್ಡ ಜಗಳವೇ ಆಗುತ್ತಿತ್ತು. ಅಲ್ಲಿ ಜಗಲಿಯ ಮೇಲೆ ಕೂತು ನಾನು ತಲೆ ಆಡಿಸಿದೆ.

‘ಹಾಗಾದ್ರೆ ಕಂಪನಿ?’ ಅಂದೆ. ‘ಅವರೂ ಹಾಗೇನಾ?’

‘ಅಲ್ಲ. ಅವರು ಘಟ್ಟ ಇಳಿದು ಬರ್ಲಿಲ್ಲ, ಕಡಲು ದಾಟಿ ಬಂದ್ರು. ಇಲ್ಲಿ ಎತ್ತಿದ ಕಂದಾಯ ಕಡಲು ದಾಟಿಯೇ ಹೋಯ್ತು. ನಾಯಕ ಇಲ್ಲಿ ಕೋಟೆ ಕಟ್ಟಿದ, ಟಿಪ್ಪುವಿನ ಕಾಲದವು ಎಷ್ಟೋ ಇವೆ. ಕಂಪನಿ ಎಂತ ಕಟ್ಟಿತು? ಬೇಕಲ ತಾಲೂಕು ಅಂತ ಒಂದು ಕಚೇರಿ. ಸುಮ್ನೆ ಯಾರೂ ಒಪ್ಕೊಳ್ಲಿಲ್ಲ. 1837ರಲ್ಲಿ ಕಲ್ಯಾಣಪ್ಪನ ಕಾಟಕಾಯಿ ಅಂತ ದಂಗೆ ಆಯ್ತಲ್ಲ, ಸುಳ್ಯದಿಂದ ಹೊರಟ ರೈತರು ಮಂಗಳೂರನ್ನೇ ಹಿಡಿದ್ರು. ಕಂಪನಿಗೆ ಅದು ಮತ್ತೆ ಸಿಗ್ಲಿಕ್ಕೆ ಹೊರಗಿನಿಂದ ದಂಡು ಬರ್ಬೇಕಾಯ್ತು.’

ಆಮೇಲೆ ಮಾತು 1956ಕ್ಕೆ, ಮಹಾಜನ ಆಯೋಗಕ್ಕೆ ಹೋಯಿತು. ಚಂದ್ರಗಿರಿಯ ಉತ್ತರಕ್ಕಿರುವುದು ಕರ್ನಾಟಕಕ್ಕೆ ಸೇರಬೇಕು ಅಂತ ಆಯೋಗ 1967ರಲ್ಲೇ ಹೇಳಿತ್ತು, ಸೇರಲಿಲ್ಲ. ಆ ಕತೆ ಕಾಸರಗೋಡಿನ ಕನ್ನಡದವರ ಹತ್ತಿರ ಶುರುವಾದರೆ ಬೇಗ ಮುಗಿಯುವುದಿಲ್ಲ. ಇಲ್ಲಿ ಬೇಡ.

ಗೆಳೆಯ ಅಪ್ಪ ತಂದ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ತುಪ್ಪ. ದೇವಸ್ಥಾನದ ಪ್ರಸಾದಗಳಲ್ಲಿ ನನಗೆ ಮಧೂರಿನ ಅಪ್ಪದ ಮೇಲೆ ಮಿಕ್ಕವೆಲ್ಲ ಸಪ್ಪೆ. ಗಣಪತಿಯನ್ನೇ ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ 1992ರಲ್ಲಿ ಆದದ್ದು, ಮತ್ತೆ ಆದದ್ದು 2025ರಲ್ಲಿ. ಮಾಷ್ಟ್ರು ಎರಡನ್ನೂ ನೋಡಿದವರು. ಟಿಪ್ಪುವಿನ ಮಾತಿಗಿಂತ ಅದನ್ನು ಹೇಳುವಾಗಲೇ ಅವರ ಮುಖ ಜಾಸ್ತಿ ಅರಳಿತು.

ಹೊರಡುವಾಗ ಅಂದರು: ‘ಅಡೂರಿಗೂ ಹೋಗಿ ಬನ್ನಿ. ಕತೆಯಲ್ಲಿ ಪೆಟ್ಟು ತಿಂದದ್ದು ಅದು. ಅಲ್ಲಿಯವರು ಎಂತ ಹೇಳ್ತಾರೆ ಕೇಳಿ.’

ಮರುದಿನ ಮುಳ್ಳೇರಿಯ ಮೇಲೆ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ಅಡಿಕೆ, ರಬ್ಬರು, ಮತ್ತೆ ಅಡಿಕೆ. ಮಹಾಲಿಂಗೇಶ್ವರನ ಎದುರು ಕೈ ಮುಗಿದು, ಹೊರಗೆ ರಸೀದಿ ಬರೆಯುತ್ತಿದ್ದವರ ಹತ್ತಿರ ಕೇಳಿದೆ. ಅವರು ತಲೆ ಎತ್ತದೆ ಹೇಳಿದರು:

‘ಟಿಪ್ಪುವಾ? ಅದೆಲ್ಲ ಮಧೂರಿನವರ ಹತ್ರ ಕೇಳ್ಬೇಕು. ನಿಮ್ಮದು ರುದ್ರಾಭಿಷೇಕವಾ, ಹಣ್ಣುಕಾಯಿಯಾ?’