ಕೀಲಿಕೈ ಯಾರ ಹತ್ರ ಇರ್ತದ?

ಮೊನ್ನೆ ಗುರುವಾರ, ಇಲ್ಲಿ ಅಮೆರಿಕದಲ್ಲಿ, ಶಾಲೆ ಕಟ್ಟಡಗಳ ಸಲಹಾ ಸಮಿತಿಯ ಮೀಟಿಂಗ್ ಮುಗಿದ ಮೇಲೆ ಕುರ್ಚಿ ಮಡಚುತ್ತಿದ್ದೆ. ನಮ್ಮ ಬೀದಿಯಲ್ಲೇ ಇರುವ ಮುದುಕರೊಬ್ಬರು, ಸಮಿತಿಯಲ್ಲಿ ಎಲ್ಲರಿಗಿಂತ ಜಾಸ್ತಿ ತಕರಾರು ತೆಗೆಯುವವರು, ಕುರ್ಚಿ ಮಡಚಲು ಕೈ ಜೋಡಿಸುತ್ತಾ ಕೇಳಿದರು, ಕಟ್ಟಡದ ಸಾಲಕ್ಕೆ ನೀನು ಯಾವ ಕಡೆ ಓಟು ಹಾಕ್ತೀಯ ಅಂತ. ನನಗೆ ಓಟಿಲ್ಲ ಎಂದೆ. ಗ್ರೀನ್ ಕಾರ್ಡ್ ಇದೆ, ಪೌರತ್ವ ಇಲ್ಲ. "ಹಾಗಾದ್ರೆ ಎಂಟು ತಿಂಗಳಿಂದ ನಮಗೆ ಸುಮ್ನೆ ಚುಕ್ಕೆ ಹಂಚ್ತಾ ಇದ್ದೀಯಾ!" ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಮನೆ ಮುಟ್ಟುವವರೆಗೆ ಚುಚ್ಚುತ್ತಲೇ ಇತ್ತು.

ಚುಕ್ಕೆ ಅಂದರೆ ಕೆಂಪು ಸ್ಟಿಕ್ಕರ್. ಸೋರುವ ಚಾವಣಿ, ಹಳೇ ಹೀಟರ್, ಡಬ್ಬಿಯಂಥ ತಾತ್ಕಾಲಿಕ ಕೋಣೆಯಲ್ಲಿ ನಡೆಯುವ ಕ್ಲಾಸು, ಹೀಗೆ ಶಾಲೆಗಳ ಕೊರತೆಗಳನ್ನೆಲ್ಲ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ. 22 ಜನ, ಒಬ್ಬೊಬ್ಬರಿಗೆ ಐದು ಚುಕ್ಕೆ. ಯಾವುದು ಮೊದಲು ಆಗಬೇಕೋ ಅದರ ಮುಂದೆ ಅಂಟಿಸಬೇಕು. ನಾನು ಸಭೆ ನಡೆಸುವವಳು, ನನ್ನ ಅಭಿಪ್ರಾಯ ಹೇಳುವಂತಿಲ್ಲ. ಮಾತಾಡದವರನ್ನು ಮಾತಾಡಿಸಬೇಕು, ಜಾಸ್ತಿ ಮಾತಾಡುವವರನ್ನು ಮೆಲ್ಲಗೆ ಕೂರಿಸಬೇಕು. ಇಷ್ಟೆಲ್ಲ ಮಾಡಿದರೂ ಇದು ಬರೀ ಸಲಹೆ, ತೀರ್ಮಾನ ಶಾಲಾ ಮಂಡಳಿಯದ್ದು. ಅದಾದ ಮೇಲೂ ವಾಷಿಂಗ್ಟನ್ ರಾಜ್ಯದಲ್ಲಿ ಕಟ್ಟಡಕ್ಕೆ ಬಾಂಡ್ ಸಾಲ ಎತ್ತಬೇಕಾದರೆ ಓಟು ಹಾಕಿದವರಲ್ಲಿ 100ಕ್ಕೆ 60 ಮಂದಿ ಹೂಂ ಅನ್ನಬೇಕು. ಸಾಲ ತೀರುವುದು ನಮ್ಮ ಮನೆ ತೆರಿಗೆಯಿಂದ. ತೆರಿಗೆ ಕಟ್ಟಲು ಮಾತ್ರ ಪೌರತ್ವ ಬೇಕಿಲ್ಲ ನೋಡಿ.

ಅವ್ವನಿಗೆ ಓಟೂ ಇತ್ತು, ಸಮಿತಿಯಲ್ಲಿ ಜಾಗವೂ ಇತ್ತು. ಕರ್ನಾಟಕದಲ್ಲಿ 2001ರಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂತಲ್ಲ, ಸೇಡಂ ಕಡೆಯ ನಮ್ಮೂರಲ್ಲಿ ತಮ್ಮ ಐದನೇ ಕ್ಲಾಸಿನಲ್ಲಿದ್ದಾಗ ಅವ್ವನ ಹೆಸರೂ ಸೇರಿತು. ಮೀಟಿಂಗ್ ಅಂದರೆ ತಮ್ಮನ ಕೈಯಲ್ಲಿ ಮನೆಗೆ ಬರುವ ರಿಜಿಸ್ಟರು. ನಾನು ಓದಿ ಹೇಳುತ್ತಿದ್ದೆ, ಸಭೆಯಲ್ಲಿ ಚರ್ಚಿಸಿ ಸರ್ವಾನುಮತದಿಂದ ಒಪ್ಪಲಾಯಿತು ಅಂತ. "ಯಾವಾಗ ಕೂಡಿದ್ವಿ ನಾವು?" ಅನ್ನುತ್ತಿದ್ದಳು ಅವ್ವ, ರೊಟ್ಟಿ ಬಡಿಯುತ್ತಾ. ಆಮೇಲೆ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದಳು. ಆ ರಿಜಿಸ್ಟರಿನ ಎಷ್ಟೋ ಹಾಳೆಗೆ ಜೋಳದ ಹಿಟ್ಟು ಅಂಟಿತ್ತು.

ಒಮ್ಮೆ ಹುಡುಗಿಯರಿಗೆ ಅಂತ ಸಂಡಾಸ ಕಟ್ಟಿಸಿದರು, ಶಹಾಬಾದ್ ಫರ್ಸಿ ಹಾಸಿ, ಚೆಂದಾಗಿ. ಕಟ್ಟಿದ ಮರುದಿನವೇ ಕೀಲಿ ಬಿತ್ತು. ಸಾಹೇಬರು ಬಂದಾಗ ಮಾತ್ರ ತೆಗೆಯುತ್ತಿದ್ದರು. ಹುಡುಗಿಯರು ತೊಗರಿ ಹೊಲಕ್ಕೆ ಹೋಗಬೇಕು, ತೊಗರಿ ಕೊಯ್ದ ಮೇಲೆ ಅಲ್ಲೂ ಮರೆ ಇಲ್ಲ. ನಾವೂ ಅಷ್ಟೇ, ನಮ್ಮ ಕಾಲದಲ್ಲಿ ಶಾಲೆ ಬಿಡುವವರೆಗೆ ನೀರೇ ಕುಡಿಯುತ್ತಿರಲಿಲ್ಲ, ಆ ಬಿಸಿಲಲ್ಲೂ.

ಮುಂದಿನ ಸಲ ರಿಜಿಸ್ಟರು ಬಂದಾಗ ಅವ್ವ ಹೆಬ್ಬೆಟ್ಟು ಒತ್ತಲಿಲ್ಲ. ಸೆರಗು ಹೊದ್ದು ತಾನೇ ಶಾಲೆಗೆ ಹೋದಳು. "ಕೀಲಿಕೈ ಕೊಡ್ರಿ ಸರ, ಆಮ್ಯಾಗ ಹೆಬ್ಬೆಟ್ಟು." ಕೊಟ್ಟರು. ಎರಡು ತಿಂಗಳು ಬಾಗಿಲು ತೆರೆದಿತ್ತು. ಹೆಡ್‌ಮಾಸ್ತರರಿಗೆ ವರ್ಗ ಆಯಿತು, ಕೀಲಿ ಮತ್ತೆ ಬಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ ಇರಬೇಕು, ಅರ್ಧ ಹೆಂಗಸರು ಇರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಆ ಸಮಿತಿಯೇ ಬರೆಯಬೇಕು. ಕಾಗದದ ಮೇಲೆ ಇಲ್ಲಿನದಕ್ಕಿಂತ ನಮ್ಮದೇ ಚೆನ್ನಾಗಿದೆ, ಅಲ್ವಾ?

ಭಾನುವಾರ ಫೋನಿನಲ್ಲಿ ಅವ್ವನಿಗೆ ಮುದುಕರ ಮಾತು ಹೇಳಿದೆ. ಓಟಿನ ಸುದ್ದಿ ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

"ಹೊಸಾ ಸಾಲಿಗಿ ಎಷ್ಟು ಸಂಡಾಸ ಕಟ್ಟಸ್ತೀರವ್ವ?"

"ಹನ್ನೆರಡು."

"ಕೀಲಿಕೈ ಯಾರ ಹತ್ರ ಇರ್ತದ?"

"ಇಲ್ಲಿ ಕೀಲಿ ಹಾಕಲ್ಲವ್ವ" ಎಂದೆ, ಸ್ವಲ್ಪ ಜಂಬದಿಂದಲೇ.

ಸೋಫಾದ ಮೇಲಿದ್ದ ಮಗಳು ಇಂಗ್ಲಿಷಿನಲ್ಲಿ, ತಲೆ ಕೂಡ ಎತ್ತದೆ, "ಹಾಕ್ತಾರೆ" ಅಂದಳು. ಹುಡುಗರು ಒಳಗೆ ವೇಪ್, ಅಂದರೆ ಎಲೆಕ್ಟ್ರಾನಿಕ್ ಸಿಗರೇಟು, ಸೇದುತ್ತಾರಂತೆ, ಅದಕ್ಕೆ ಕ್ಲಾಸು ನಡೆಯುವಾಗ ಮೇಲಿನ ಮಹಡಿಯದ್ದಕ್ಕೆ ಬೀಗ. ಕೆಳಗಿಳಿದು ಆಫೀಸಿನ ಪಕ್ಕದ್ದಕ್ಕೆ ಹೋಗಬೇಕು, ಅಲ್ಲಿ ಉದ್ದ ಸಾಲು. "ಅದಕ್ಕೇ ನಾನು ಮಧ್ಯಾಹ್ನದವರೆಗೆ ನೀರು ಕುಡಿಯಲ್ಲ."

ಎಂಟು ತಿಂಗಳು, 22 ಜನ. ಟೈಲ್ಸ್ ಬಣ್ಣಕ್ಕೂ ಚುಕ್ಕೆ ಬಿದ್ದಿದೆ.

"ಏನಂತಾಳ ಅಕಿ?" ಅಂತ ಅವ್ವ ಕೇಳುತ್ತಲೇ ಇದ್ದಳು.