ಯಾರೂ ಕರೆಯದ ಮೆಥಡ್

“ಸರ್, ಇದನ್ನು ಎಲ್ಲಿಯೂ ಯಾರೂ ಕರೆಯುತ್ತಿಲ್ಲ. ಅದಕ್ಕೇ ತೆಗೆದೆ.”

ತಾನು ಅಳಿಸಿದ ಒಂದು ಮೆಥಡ್ (ಹೆಸರು ಹಿಡಿದು ಕರೆಯುವ ಕೋಡ್‌ನ ತುಂಡು) ಬಗ್ಗೆ ಮಂಗಳವಾರ ಬೆಳಿಗ್ಗೆ ನಮ್ಮ ತಂಡದ ಸಹೋದ್ಯೋಗಿಯೊಬ್ಬಳು ಹೇಳಿದ ಈ ಮಾತು ಶುಕ್ರವಾರವಾದರೂ ನನ್ನ ತಲೆಯಿಂದ ಇಳಿದಿಲ್ಲ. ಹಳೆಯ ಕೋಡ್ ಹಸನು ಮಾಡುವ ಕೆಲಸಕ್ಕೆ ಯಾರೂ ಕೈ ಹಾಕದಿದ್ದಾಗ ತಾನಾಗಿ ಮುಂದೆ ಬಂದವಳು ಆಕೆ. ಎಡಿಟರ್‌ನಲ್ಲಿ ಹುಡುಕಿದ್ದಾಳೆ, ಬಳಕೆ 0 ಎಂದು ಬಂದಿದೆ. ಕಂಪೈಲ್ ಆಗಿದೆ, ಪರೀಕ್ಷೆಗಳೆಲ್ಲ ಪಾಸಾಗಿವೆ. ಇನ್ನೇನು ನೋಡಬೇಕಿತ್ತು? ಆದರೂ ಆ ಮೆಥಡ್ ಇಲ್ಲದೆ ರಾತ್ರಿಯ ಕೆಲಸ ಸೋತಿತ್ತು.

ಅದನ್ನು ಕರೆಯುತ್ತಿದ್ದದ್ದು ನಾನು ಜಾವಾದಲ್ಲಿ ಬರೆದ ಹಿನ್ನೆಲೆ ಸೇವೆ. ರಾತ್ರಿ 2 ಗಂಟೆಗೆ ಎದ್ದು, ಡೇಟಾಬೇಸ್‌ನ ಒಂದು ಟೇಬಲ್‌ನಿಂದ ಬೀನ್‌ನ (ಇಜೆಬಿ, ಅಂದರೆ ಸರ್ವರ್ ನಡೆಸುವ ಜಾವಾ ಘಟಕ) ಹೆಸರನ್ನೂ ಅದರೊಳಗಿನ ಮೆಥಡ್‌ನ ಹೆಸರನ್ನೂ ಓದುತ್ತದೆ. ಹೆಸರಿನಿಂದ ಹುಡುಕುವ ಜಾವಾದ ವ್ಯವಸ್ಥೆಯಾದ ಜೆಎನ್‌ಡಿಐನಲ್ಲಿ ಆ ಇಜೆಬಿಯನ್ನು ಹುಡುಕಿ, ರಿಫ್ಲೆಕ್ಷನ್ ಮೂಲಕ, ಅಂದರೆ ಪ್ರೋಗ್ರಾಂ ಓಡುತ್ತಿರುವಾಗಲೇ ಹೆಸರು ಹಿಡಿದು, ಮೆಥಡ್ ಕರೆಯುತ್ತದೆ. ಹೊಸ ಕೆಲಸ ಸೇರಿಸಲು ಟೇಬಲ್‌ಗೆ ಒಂದು ಸಾಲು ಹಾಕಿದರೆ ಸಾಕು, ಸೇವೆಯನ್ನು ಮುಟ್ಟಬೇಕಿಲ್ಲ. ಬರೆದಾಗ ಎಷ್ಟು ಹೆಮ್ಮೆಪಟ್ಟಿದ್ದೆ! ಕಂಪೈಲರ್ ಡೇಟಾಬೇಸ್ ಓದುವುದಿಲ್ಲ ಎಂಬುದು ಗೊತ್ತಿದ್ದೂ ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಹುಡುಕಿದರೆ ಸಿಗದಂತಹ ನಂಟನ್ನು ಕಟ್ಟಿದವನು ನಾನು, ಬೈಗುಳ ತಿಂದವಳು ಆಕೆ.

“ನೋಡಿಕೊಂಡು ಅಳಿಸಬಾರದಿತ್ತೇ?” ಎಂದರು ವ್ಯವಸ್ಥಾಪಕರು, ಎಲ್ಲರೆದುರು. ನೋಡಿಕೊಂಡೇ ಅಳಿಸಿದ್ದಳು. ಆ ಮಾತು ಅನ್ಯಾಯವಾಗಿತ್ತು. ನಾನು ಬಾಯಿ ಬಿಟ್ಟದ್ದು ಸಭೆ ಮುಗಿದ ಮೇಲೆ, ಅವರೊಬ್ಬರೇ ಇದ್ದಾಗ. ತಂಡದ ಮುಂದೆಯೇ ಹೇಳಬೇಕಿತ್ತು. ಮರುದಿನ ಹೇಳಿದೆ, ಆದರೆ ಒಂದು ರಾತ್ರಿ ಆಕೆ ಆ ಭಾರ ಹೊತ್ತು ಮನೆಗೆ ಹೋಗಿದ್ದಳು.

ಮೆಥಡ್ ಮರಳಿ ಹಾಕಿ ಕೈಯಿಂದಲೇ ಓಡಿಸಿದೆವು. ಮತ್ತೆ ಸೋತಿತು. ಲಾಗ್‌ನಲ್ಲಿ ಇದ್ದದ್ದು ಒಂದೇ ಪದ: ನಲ್, ಅಂದರೆ ಏನೂ ಇಲ್ಲ. ನಾನು ಆ ಪದವನ್ನೇ ದಿಟ್ಟಿಸುತ್ತ ಕುಳಿತಿದ್ದೆ.

“ಸರ್, ಇದರ ಒಳಗೆ ಇನ್ನೊಂದು ದೋಷ ಇರಬೇಕು, ಗೆಟ್‌ಕಾಸ್‌ನಿಂದ ಒಳಗಿನ ಕಾರಣ ತೆಗೆದು ನೋಡೋಣವೇ?”

ಹೌದು. ಕರೆದ ಮೆಥಡ್ ಒಳಗೆ ಎಡವಿದರೆ ರಿಫ್ಲೆಕ್ಷನ್ ಆ ದೋಷವನ್ನು ಇನ್‌ವೊಕೇಶನ್‌ಟಾರ್ಗೆಟ್‌ಎಕ್ಸೆಪ್ಶನ್ ಎಂಬ ಪೊಟ್ಟಣದಲ್ಲಿ ಸುತ್ತಿ ಕೊಡುತ್ತದೆ. ಪೊಟ್ಟಣದ ಮೇಲೆ ಸಂದೇಶವೇ ಇರುವುದಿಲ್ಲ, ಕಾರಣ ಒಳಗಿರುತ್ತದೆ. ನನ್ನ ಕೋಡ್ ಬರೆಯುತ್ತಿದ್ದದ್ದು ಮೇಲಿನ ಸಂದೇಶವನ್ನು ಮಾತ್ರ. ಬಿಚ್ಚಿ ನೋಡಿದರೆ, ಎರಡು ದಿನದ ಕೆಲಸ ಒಟ್ಟಿಗೆ ಬಿದ್ದು ಟ್ರಾನ್ಸಾಕ್ಷನ್‌ಗೆ (ಒಂದೇ ಘಟಕವಾಗಿ ನಡೆಯುವ ಡೇಟಾಬೇಸ್ ಕೆಲಸ) ಕೊಟ್ಟ ಕಾಲಾವಧಿ ಮೀರಿತ್ತು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಕಂಡುಹಿಡಿದದ್ದು ಆಕೆ ಎಂದು ಸಭೆಯ ಟಿಪ್ಪಣಿಯಲ್ಲಿ ಬರೆದಿದ್ದೇನೆ.

ಈಗ ಸರ್ವರ್ ಏಳುವಾಗಲೇ ಟೇಬಲ್‌ನ ಪ್ರತಿ ಸಾಲಿನ ಬೀನ್ ಮತ್ತು ಮೆಥಡ್ ಇವೆಯೇ ಎಂದು ಕರೆಯದೆಯೇ ಪರೀಕ್ಷಿಸುತ್ತದೆ. ಒಂದು ಸಿಗದಿದ್ದರೂ ಅಲ್ಲಿಗೇ ನಿಲ್ಲುತ್ತದೆ. ನಿನ್ನೆ ಸಂಜೆ ಇಬ್ಬರೂ ಕುಳಿತು ಟೇಬಲ್ ತೆರೆದೆವು. ಆಕೆ ಒಂದೊಂದೇ ಹೆಸರು ಓದುತ್ತಿದ್ದಳು, ನಾನು ಆ ಮೆಥಡ್ ಹುಡುಕಿ ಅದರ ಮೇಲೆ ಒಂದು ಸಾಲು ಬರೆಯುತ್ತಿದ್ದೆ: ಇದನ್ನು ರಾತ್ರಿಯ ಸೇವೆ ಹೆಸರು ಹಿಡಿದು ಕರೆಯುತ್ತದೆ. ಎಡಿಟರ್ ಮಾತ್ರ ಪ್ರತಿಯೊಂದರ ಪಕ್ಕದಲ್ಲೂ ಬಳಕೆ 0 ಎಂದೇ ತೋರಿಸುತ್ತಿತ್ತು.